ಪಶ್ಚಿಮ ಬೆಂಗಳೂರಿನಲ್ಲಿ ಹಿರಿಯರ ಆರೈಕೆ ನಿಲಯಗಳ ಆಯ್ಕೆ

ಹಿರಿಯರ ಆರೈಕೆ ನಿಲಯವು ವಯಸ್ಸಾದವರಿಗೆ ವಸತಿ, ಊಟ ಮತ್ತು ದಿನನಿತ್ಯದ ನೆರವನ್ನು ಒಂದೇ ಸೂರಿನಡಿ ಒದಗಿಸುವ ಸಂಸ್ಥೆ. ಅಗತ್ಯವಿದ್ದಲ್ಲಿ ಶುಶ್ರೂಷೆಯನ್ನೂ ಅದು ಒದಗಿಸುತ್ತದೆ. ಕನ್ನಡದಲ್ಲಿ ಇಂತಹ ಸಂಸ್ಥೆಗಳನ್ನು ಸಾಮಾನ್ಯವಾಗಿ ವೃದ್ಧಾಶ್ರಮ ಎಂದು ಕರೆಯಲಾಗುತ್ತದೆ. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಪ್ರದೇಶಗಳಲ್ಲಿ ಟ್ರಸ್ಟ್‌ಗಳು ನಡೆಸುವ ನಿಲಯಗಳೂ ಶುಲ್ಕ ಪಡೆಯುವ ಖಾಸಗಿ ನಿಲಯಗಳೂ ಇವೆ. ಇವುಗಳ ಹೆಸರುಗಳು ಒಂದನ್ನೊಂದು ಹೋಲುತ್ತವೆಯಾದರೂ ಸೇವೆ, ಸಿಬ್ಬಂದಿ ಮತ್ತು ಕಾನೂನಿನ ಹೊಣೆಗಾರಿಕೆಯಲ್ಲಿ ಬಹಳ ವ್ಯತ್ಯಾಸವಿದೆ. ಹೀಗಾಗಿ ಹೆಸರು ಅಥವಾ ಶುಲ್ಕಕ್ಕಿಂತ ಹಿರಿಯರ ಅಗತ್ಯ, ಅವರ ಸಮ್ಮತಿ ಮತ್ತು ನಿಲಯದ ನೋಂದಣಿ ಈ ಮೂರೂ ಆಯ್ಕೆಯಲ್ಲಿ ಮುಖ್ಯವಾಗುತ್ತವೆ.

ಪದಬಳಕೆ

ಬೆಂಗಳೂರಿನ ಆಡುಮಾತಿನಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ಮತ್ತು ಒಳರೋಗಿಗಳ ಚಿಕಿತ್ಸೆ ನಡೆಯುವ ಚಿಕ್ಕ ಖಾಸಗಿ ಆಸ್ಪತ್ರೆ. ಬ್ರಿಟನ್, ಅಮೆರಿಕ ಮುಂತಾದ ದೇಶಗಳಲ್ಲಿ ಅದೇ ಪದವು ಹಿರಿಯರು ದೀರ್ಘಕಾಲ ವಾಸಿಸುವ ಶುಶ್ರೂಷಾ ನಿಲಯವನ್ನು ಸೂಚಿಸುತ್ತದೆ. ವಿದೇಶದಲ್ಲಿ ನೆಲೆಸಿರುವ ಮಕ್ಕಳು ತಂದೆ ತಾಯಿಯರಿಗಾಗಿ ಸ್ಥಳ ಹುಡುಕುವಾಗ ಈ ವ್ಯತ್ಯಾಸವು ಗೊಂದಲಕ್ಕೆ ಕಾರಣವಾಗುತ್ತದೆ. ಬೆಂಗಳೂರಿನಲ್ಲಿ ಹಿರಿಯರ ವಸತಿಯನ್ನು ಸ್ಥೂಲವಾಗಿ ನಾಲ್ಕು ಬಗೆಗಳಲ್ಲಿ ಗುರುತಿಸಬಹುದು.

* ವೃದ್ಧಾಶ್ರಮ: ಓಡಾಡಬಲ್ಲ, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲ ಹಿರಿಯರಿಗೆ ವಸತಿ ಮತ್ತು ಊಟ ನೀಡುವ ಸಂಸ್ಥೆ. ಇದು ಉಚಿತವಾಗಿರಬಹುದು ಅಥವಾ ಶುಲ್ಕಸಹಿತವಾಗಿರಬಹುದು.
* ನೆರವು ಸಹಿತ ವಸತಿ: ಸ್ನಾನ, ಉಡುಪು, ಔಷಧ ಸೇವನೆ ಮುಂತಾದವುಗಳಲ್ಲಿ ಸಹಾಯಕರ ನೆರವು ದೊರೆಯುವ ನಿಲಯ.
* ಶುಶ್ರೂಷಾ ನಿಲಯ: ಹಾಸಿಗೆ ಹಿಡಿದವರು, ಪಾರ್ಶ್ವವಾಯು ಪೀಡಿತರು, ಮೂಗಿನ ಕೊಳವೆಯ ಮೂಲಕ ಆಹಾರ ಪಡೆಯುವವರು ಹಾಗೂ ಡಿಮೆನ್ಷಿಯಾ ಇರುವವರಿಗೆ ದಿನದ 24 ಗಂಟೆಯೂ ಆರೈಕೆ ನೀಡುವ ನಿಲಯ.
* ನಿವೃತ್ತರ ವಸತಿ ಸಮುಚ್ಚಯ: ಮನೆಯನ್ನು ಖರೀದಿಸಿ ಅಥವಾ ಬಾಡಿಗೆಗೆ ಪಡೆದು ವಾಸಿಸುವ ವ್ಯವಸ್ಥೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಇವುಗಳಿಗಾಗಿ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನು ಪ್ರಕಟಿಸಿತು.

ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರವು ಈ ಯಾವ ಬಗೆಗೂ ಸೇರುವುದಿಲ್ಲ. ಅದು ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಅಡಿಯಲ್ಲಿ ನಡೆಯುತ್ತದೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಹಿರಿಯರಿಗಾಗಿಯೇ ಮೀಸಲಾದ ನಿಲಯಗಳು ಬಹುಕಾಲ ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳ ಆಶ್ರಯದಲ್ಲಿದ್ದವು. ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂಸ್ಥೆಯು 1900ರಲ್ಲಿ ನಗರದಲ್ಲಿ ಬಡ ವೃದ್ಧರಿಗಾಗಿ ನಿಲಯವನ್ನು ಆರಂಭಿಸಿತು. ಅವಿಭಕ್ತ ಕುಟುಂಬದ ವ್ಯವಸ್ಥೆಯಲ್ಲಿ ಹಿರಿಯರ ಆರೈಕೆ ಮನೆಯ ಸೊಸೆಯಂದಿರ ಮತ್ತು ಹೆಣ್ಣುಮಕ್ಕಳ ಪಾಲಿಗೆ ಬರುತ್ತಿತ್ತು. ಆದ್ದರಿಂದ ವೃದ್ಧಾಶ್ರಮವನ್ನು ಯಾರೂ ಇಲ್ಲದವರ ತಾಣವೆಂದು ಭಾವಿಸಲಾಗುತ್ತಿತ್ತು. ಮನೆಯ ಹಿರಿಯರನ್ನು ಅಲ್ಲಿಗೆ ಸೇರಿಸುವುದು ಕುಟುಂಬಕ್ಕೆ ಅಪಕೀರ್ತಿ ಎಂಬ ಭಾವನೆ ಇಂದಿಗೂ ಪೂರ್ಣವಾಗಿ ಮರೆಯಾಗಿಲ್ಲ.

ಪಶ್ಚಿಮ ಬೆಂಗಳೂರಿನ ಬೆಳವಣಿಗೆಗೂ ಈ ವಿಷಯಕ್ಕೂ ಸಂಬಂಧವಿದೆ. ಸಿ. ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರವು 1949ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಅನಂತರದ ದಶಕಗಳಲ್ಲಿ ವಿಜಯನಗರ ಮತ್ತು ಬಸವೇಶ್ವರನಗರ ಬಡಾವಣೆಗಳು ಬೆಳೆದವು. ಕಾರ್ಖಾನೆ, ಬ್ಯಾಂಕ್ ಮತ್ತು ಸರ್ಕಾರಿ ಕಚೇರಿಗಳಲ್ಲಿ ದುಡಿದು ಇಲ್ಲಿ ಮನೆ ಕಟ್ಟಿಕೊಂಡವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಉದ್ಯೋಗಕ್ಕಾಗಿ ನಗರದ ಪೂರ್ವ ಭಾಗಕ್ಕೆ, ಬೇರೆ ರಾಜ್ಯಗಳಿಗೆ ಅಥವಾ ವಿದೇಶಗಳಿಗೆ ತೆರಳಿದ್ದಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.38 ಕೋಟಿ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪ್ರಮಾಣ ಸುಮಾರು ಶೇ. 9.5ರಷ್ಟಿತ್ತು.

ಕಾನೂನು ಮತ್ತು ನೋಂದಣಿ

ಹಿರಿಯರ ವಸತಿಗೆ ಸಂಬಂಧಿಸಿದ ಪ್ರಮುಖ ಕಾನೂನು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಇದರಡಿ 60 ವರ್ಷ ಪೂರೈಸಿದ ಭಾರತೀಯ ಪ್ರಜೆ ಹಿರಿಯ ನಾಗರಿಕ ಎನಿಸುತ್ತಾರೆ. ಕಾಯ್ದೆಯ 19ನೇ ಪ್ರಕರಣವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮಗಳನ್ನು ಸ್ಥಾಪಿಸಲು ರಾಜ್ಯ ಸರ್ಕಾರಕ್ಕೆ ಅವಕಾಶ ಕಲ್ಪಿಸುತ್ತದೆ. ಅವುಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕಾರವೂ ರಾಜ್ಯಕ್ಕಿದೆ. ಕರ್ನಾಟಕವು ಇದಕ್ಕೆ ಸಂಬಂಧಿಸಿದ ನಿಯಮಗಳನ್ನು 2009ರಲ್ಲಿ ರೂಪಿಸಿತು.

ಖಾಸಗಿ ಆರೈಕೆ ನಿಲಯಗಳಿಗೆ ದೇಶದಾದ್ಯಂತ ಕನಿಷ್ಠ ಮಾನದಂಡವನ್ನು ವಿಧಿಸುವ ಉದ್ದೇಶದ ತಿದ್ದುಪಡಿ ಮಸೂದೆಯು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ನಿಲಯಗಳ ಕಡ್ಡಾಯ ನೋಂದಣಿ ಮತ್ತು ಮನೆಯಲ್ಲಿ ಆರೈಕೆ ನೀಡುವ ಸಂಸ್ಥೆಗಳ ನಿಯಂತ್ರಣವೂ ಅದರಲ್ಲಿದ್ದವು. 17ನೇ ಲೋಕಸಭೆಯ ಅವಧಿ ಮುಗಿದಾಗ ಅದು ಇನ್ನೂ ಕಾನೂನಾಗಿರಲಿಲ್ಲ. ಈ ಕಾರಣದಿಂದ ನಿಲಯದ ಗುಣಮಟ್ಟವನ್ನು ಪರಿಶೀಲಿಸುವ ಹೊರೆ ಬಹುಮಟ್ಟಿಗೆ ಕುಟುಂಬದ ಮೇಲೆಯೇ ಉಳಿದಿದೆ.

ನಿಲಯವೊಂದು ತನ್ನ ಸ್ವರೂಪಕ್ಕೆ ತಕ್ಕಂತೆ ಭಿನ್ನ ದಾಖಲೆಗಳನ್ನು ಹೊಂದಿರುತ್ತದೆ.

* ಟ್ರಸ್ಟ್ ಅಥವಾ ಸಂಘವಾಗಿದ್ದಲ್ಲಿ ಅದರ ನೋಂದಣಿ ಪತ್ರ ಮತ್ತು ಲೆಕ್ಕಪರಿಶೋಧನೆಯ ವರದಿ.
* ಸರ್ಕಾರದ ಅನುದಾನ ಪಡೆಯುತ್ತಿದ್ದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಥವಾ ಕೇಂದ್ರದ ಯೋಜನೆಯ ಮಂಜೂರಾತಿ.
* ವೈದ್ಯಕೀಯ ಚಿಕಿತ್ಸೆ ನೀಡುತ್ತಿದ್ದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯ ನೋಂದಣಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವು ಇದನ್ನು ನೀಡುತ್ತದೆ.
* ಕಟ್ಟಡದ ಬಳಕೆಗೆ ಸಂಬಂಧಿಸಿದ ಪಾಲಿಕೆಯ ಪರವಾನಗಿ ಮತ್ತು ಅಗ್ನಿ ಸುರಕ್ಷತೆಯ ವ್ಯವಸ್ಥೆಯ ದಾಖಲೆ.

ಟ್ರಸ್ಟ್‌ನ ನೋಂದಣಿಯು ಸಂಸ್ಥೆಯ ಅಸ್ತಿತ್ವವನ್ನು ಮಾತ್ರ ದೃಢಪಡಿಸುತ್ತದೆ. ಅಲ್ಲಿ ತರಬೇತಿ ಪಡೆದ ದಾದಿಯರಿದ್ದಾರೆ ಎಂಬುದಕ್ಕೆ ಅದು ಪುರಾವೆಯಾಗುವುದಿಲ್ಲ.

ಅಗತ್ಯದ ಅಂದಾಜು

ನಿಲಯವನ್ನು ಹುಡುಕುವ ಮೊದಲು ಹಿರಿಯರಿಗೆ ಯಾವ ಮಟ್ಟದ ನೆರವು ಬೇಕೆಂಬುದನ್ನು ಗುರುತಿಸಬೇಕಾಗುತ್ತದೆ. ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚ್ಯಂಕವು ಇದಕ್ಕೆ ಈಗಲೂ ಬಳಕೆಯಲ್ಲಿದೆ. ಸ್ನಾನ ಮಾಡುವುದು, ಉಡುಪು ಧರಿಸುವುದು, ಶೌಚಾಲಯವನ್ನು ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ ಮತ್ತು ಊಟ ಮಾಡುವುದು ಎಂಬ ಆರು ಕೆಲಸಗಳನ್ನು ವ್ಯಕ್ತಿ ಸ್ವತಂತ್ರವಾಗಿ ಮಾಡಬಲ್ಲರೇ ಎಂಬುದನ್ನು ಅದು ಅಳೆಯುತ್ತದೆ. ಆರನ್ನೂ ತಾವೇ ಮಾಡಿಕೊಳ್ಳುವವರಿಗೆ ಸಾಮಾನ್ಯ ವೃದ್ಧಾಶ್ರಮವು ಸಾಕಾಗಬಹುದು. ಎರಡು ಮೂರು ಕೆಲಸಗಳಿಗೆ ಮತ್ತೊಬ್ಬರ ಕೈ ಬೇಕಾದಲ್ಲಿ ಅಂತಹ ಆಶ್ರಮದಲ್ಲಿ ಅವರು ಉಪೇಕ್ಷೆಗೊಳಗಾಗುವ ಸಂಭವ ಹೆಚ್ಚು.

ನೆನಪಿನ ಶಕ್ತಿ ಕುಂದಿದ್ದಲ್ಲಿ ವೈದ್ಯಕೀಯ ತಪಾಸಣೆ ಅನಿವಾರ್ಯ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯು ಮರೆವನ್ನು ವಯಸ್ಸಿನ ಸಹಜ ಗುಣವೆಂದು ಬಿಂಬಿಸುವುದರಿಂದ ಅನೇಕ ಕುಟುಂಬಗಳು ರೋಗವನ್ನು ತಡವಾಗಿ ಗುರುತಿಸುತ್ತವೆ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಮತ್ತು ಕೆಲವು ಔಷಧಗಳ ಪರಿಣಾಮದಿಂದಲೂ ಮರೆವು ಉಂಟಾಗುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ನಗರದ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರ ಮಾನಸಿಕ ಆರೋಗ್ಯಕ್ಕೆ ಮೀಸಲಾದ ಸೇವೆ ಲಭ್ಯವಿದೆ. ತಪಾಸಣೆಯಿಲ್ಲದೆ ನಿಲಯಕ್ಕೆ ಸೇರಿಸಿದಾಗ ಗುಣವಾಗಬಹುದಾದ ತೊಂದರೆಯೂ ಶಾಶ್ವತವೆಂದು ಪರಿಗಣಿತವಾಗುವ ಅಪಾಯವಿದೆ.

ಆಯ್ಕೆಯ ಮಾನದಂಡಗಳು

ಸ್ಥಳ: ಬಂಧುಗಳು ಪದೇಪದೇ ಭೇಟಿ ನೀಡುವ ನಿಲಯದಲ್ಲಿ ಆರೈಕೆಯ ಲೋಪಗಳು ಬೇಗ ಬೆಳಕಿಗೆ ಬರುತ್ತವೆ. ಆದ್ದರಿಂದ ಸಂಚಾರದ ಅನುಕೂಲ ಮುಖ್ಯ. ವಿಜಯನಗರ ಮತ್ತು ಅತ್ತಿಗುಪ್ಪೆ ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿವೆ. ಈ ಮಾರ್ಗವು 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ವಿಸ್ತರಣೆಗೊಂಡಿತು. ರಾಜಾಜಿನಗರ ಹಸಿರು ಮಾರ್ಗದಲ್ಲಿದೆ. ಬಸವೇಶ್ವರನಗರದ ಒಳಭಾಗಕ್ಕೆ ಬಸ್ಸು ಅಥವಾ ಆಟೊ ಅವಲಂಬಿಸಬೇಕಾಗುತ್ತದೆ. ಕೆಂಗೇರಿ ಕಡೆಯಲ್ಲಿ ವಿಶಾಲವಾದ ಜಾಗ ದೊರೆಯುವ ಸಾಧ್ಯತೆ ಹೆಚ್ಚು. ಆದರೆ ನಗರದ ಕೊಳಚೆ ನೀರನ್ನು ಹೊತ್ತು ಸಾಗುವ ವೃಷಭಾವತಿಯ ಸಮೀಪದಲ್ಲಿ ದುರ್ವಾಸನೆ ಮತ್ತು ಸೊಳ್ಳೆಯ ಕಾಟವಿದೆಯೇ ಎಂಬುದನ್ನು ಸಂಜೆಯ ವೇಳೆ ಗಮನಿಸುವುದು ಸೂಕ್ತ.

ಆಸ್ಪತ್ರೆಯ ಸಾಮೀಪ್ಯ: ತುರ್ತು ಸಂದರ್ಭದಲ್ಲಿ ನಿಲಯವು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಯಾರ ಒಪ್ಪಿಗೆಯ ಮೇಲೆ ಕರೆದೊಯ್ಯುತ್ತದೆ ಎಂಬುದು ಲಿಖಿತವಾಗಿರಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯು ಈ ಭಾಗದ ನಿವೃತ್ತ ಕಾರ್ಮಿಕರಿಗೆ ಮಹತ್ವದ್ದು. ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಪಾವತಿಸಿ ತಮಗೂ ಪತಿ ಅಥವಾ ಪತ್ನಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು.

ಕಟ್ಟಡ: ಈ ಬಡಾವಣೆಗಳಲ್ಲಿ 30×40 ಅಥವಾ 40×60 ಅಡಿಯ ನಿವೇಶನದ ಮನೆಗಳನ್ನೇ ನಿಲಯಗಳಾಗಿ ಪರಿವರ್ತಿಸುವುದುಂಟು. ಅಂತಹ ಕಟ್ಟಡಗಳಲ್ಲಿ ಮೆಟ್ಟಿಲು ಕಡಿದಾಗಿರುವುದು, ಬಚ್ಚಲಿನ ಬಾಗಿಲು ಗಾಲಿಕುರ್ಚಿಗೆ ಸಾಲದಿರುವುದು ಸಾಮಾನ್ಯ ಕೊರತೆಗಳು. ಹಿಡಿಕಂಬಿ, ಜಾರದ ನೆಲಹಾಸು, ರಾತ್ರಿಯ ಮಂದ ದೀಪ, ಹಾಸಿಗೆಯ ಬಳಿ ಕರೆಗಂಟೆ, ಸ್ಟ್ರೆಚರ್ ಹಿಡಿಸುವ ಲಿಫ್ಟ್ ಮತ್ತು ಬೆಂಕಿ ಬಿದ್ದಾಗ ಹೊರಬರಲು ಎರಡನೆಯ ದಾರಿ ಇರಬೇಕು. ಆಮ್ಲಜನಕ ಯಂತ್ರ ಬಳಸುವವರಿಗೆ ವಿದ್ಯುತ್ ಕಡಿತದ ವೇಳೆ ಬದಲಿ ವ್ಯವಸ್ಥೆ ಅತ್ಯಗತ್ಯ. ಬೆಂಗಳೂರು 2024ರ ಬೇಸಿಗೆಯಲ್ಲಿ ತೀವ್ರ ನೀರಿನ ಕೊರತೆಯನ್ನು ಕಂಡಿತು. ನೀರಿಲ್ಲದ ದಿನ ಹಾಸಿಗೆ ಹಿಡಿದವರ ಶುಚಿತ್ವ ಮೊದಲು ಹದಗೆಡುವುದರಿಂದ ಕಾವೇರಿ ಸಂಪರ್ಕ, ಕೊಳವೆಬಾವಿ ಮತ್ತು ಸಂಪಿನ ಸಾಮರ್ಥ್ಯವನ್ನು ವಿಚಾರಿಸುವುದು ಅಗತ್ಯ.

ಸಿಬ್ಬಂದಿ: ದಾದಿ ಮತ್ತು ಆಯಾ ಒಂದೇ ಅಲ್ಲ. ದಾದಿಯರು ಮಾನ್ಯತೆ ಪಡೆದ ಶಿಕ್ಷಣ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ಆಯಾಗಳಿಗೆ ಅಂತಹ ನೋಂದಣಿ ಇರುವುದಿಲ್ಲ. ಹಗಲಿನಲ್ಲಿರುವ ಸಿಬ್ಬಂದಿಯ ಸಂಖ್ಯೆಗಿಂತ ರಾತ್ರಿ ಎಚ್ಚರವಾಗಿರುವವರು ಎಷ್ಟು ಮಂದಿ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗುತ್ತದೆ. ಇಲ್ಲವಾದಲ್ಲಿ ಸೊಂಟ ಮತ್ತು ಹಿಮ್ಮಡಿಗಳಲ್ಲಿ ಒತ್ತಡದ ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ಮಗ್ಗುಲು ಬದಲಿಸಿದ ಸಮಯ, ಔಷಧ ನೀಡಿದ ಸಮಯ ಮತ್ತು ಬಿದ್ದ ಘಟನೆಗಳನ್ನು ಬರೆದಿಡುವ ಪುಸ್ತಕವು ಆರೈಕೆಯ ಗುಣಮಟ್ಟಕ್ಕೆ ವಿಶ್ವಾಸಾರ್ಹ ಸಾಕ್ಷಿ.

ಊಟ ಮತ್ತು ಭಾಷೆ: ಹಲ್ಲಿಲ್ಲದವರಿಗೆ ಮೆತ್ತನೆಯ ಅನ್ನ, ಗಂಜಿ ಅಥವಾ ಮುದ್ದೆ, ಮಧುಮೇಹಿಗಳಿಗೆ ಹೊತ್ತಿಗೆ ಸರಿಯಾದ ಊಟ, ಈರುಳ್ಳಿ ಬೆಳ್ಳುಳ್ಳಿ ಸೇವಿಸದವರಿಗೆ ಪ್ರತ್ಯೇಕ ಅಡುಗೆ ಮುಂತಾದವು ಸೇರುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿಗಳು. ಡಿಮೆನ್ಷಿಯಾ ಇರುವವರು ಕಾಲಕ್ರಮೇಣ ಅನಂತರ ಕಲಿತ ಭಾಷೆಗಳನ್ನು ಮರೆತು ಬಾಲ್ಯದ ಭಾಷೆಗೆ ಮರಳುವುದುಂಟು. ನಿಲಯಗಳ ಸಹಾಯಕರಲ್ಲಿ ಹೊರರಾಜ್ಯದವರೂ ಇರುವುದರಿಂದ, ‘ನೋವು’, ‘ಬಾಯಾರಿಕೆ’ ಎಂಬ ಮಾತುಗಳನ್ನು ಅರ್ಥಮಾಡಿಕೊಳ್ಳುವ ಕನ್ನಡ ಬಲ್ಲ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರುವುದು ಸುರಕ್ಷತೆಯ ಪ್ರಶ್ನೆಯೂ ಹೌದು.

ಭೇಟಿ: ನಿಲಯವನ್ನು ಕನಿಷ್ಠ ಎರಡು ಬಾರಿ, ಅದರಲ್ಲೊಮ್ಮೆ ಪೂರ್ವಸೂಚನೆಯಿಲ್ಲದೆ, ನೋಡುವುದು ವಾಡಿಕೆ. ಮೂತ್ರದ ವಾಸನೆ, ಬೆಳೆದ ಉಗುರುಗಳು, ಕೈಗೆಟುಕದ ನೀರಿನ ಲೋಟ, ಹಗಲಿನಲ್ಲೇ ಎಲ್ಲರೂ ಮಂಪರಿನಲ್ಲಿರುವುದು ಮತ್ತು ಕೈಕಾಲು ಕಟ್ಟಿದ ಗುರುತು ಎಚ್ಚರಿಕೆಯ ಲಕ್ಷಣಗಳು. ವಾಸಿಗಳೊಂದಿಗೆ ಖಾಸಗಿಯಾಗಿ ಮಾತನಾಡಲು ಅವಕಾಶ ನಿರಾಕರಿಸುವುದೂ ಇದೇ ಸಾಲಿಗೆ ಸೇರುತ್ತದೆ.

ವೆಚ್ಚ ಮತ್ತು ಒಪ್ಪಂದ

ಶುಲ್ಕಸಹಿತ ನಿಲಯಗಳು ಸಾಮಾನ್ಯವಾಗಿ ಆರಂಭದಲ್ಲಿ ಠೇವಣಿಯನ್ನೂ ಅನಂತರ ಮಾಸಿಕ ಶುಲ್ಕವನ್ನೂ ಪಡೆಯುತ್ತವೆ. ಡಯಾಪರ್, ಔಷಧ, ಫಿಸಿಯೊಥೆರಪಿ, ಪ್ರತ್ಯೇಕ ಸಹಾಯಕರು ಮತ್ತು ಆಂಬುಲೆನ್ಸ್‌ನ ವೆಚ್ಚವು ಮಾಸಿಕ ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನು ಒಪ್ಪಂದದಲ್ಲಿ ನಮೂದಿಸದಿದ್ದಲ್ಲಿ ಬಿಲ್ಲು ಹಲವು ಪಟ್ಟು ಏರಬಹುದು. ವಾಸಿ ಮೃತಪಟ್ಟಾಗ ಅಥವಾ ನಿಲಯವನ್ನು ತೊರೆದಾಗ ಠೇವಣಿ ಎಷ್ಟು ದಿನಗಳಲ್ಲಿ ಮರಳುತ್ತದೆ, ಆಸ್ಪತ್ರೆಯಲ್ಲಿರುವ ಅವಧಿಗೆ ಶುಲ್ಕ ಅನ್ವಯಿಸುತ್ತದೆಯೇ, ವರ್ಷಕ್ಕೆ ಎಷ್ಟು ಹೆಚ್ಚಳ, ಆರೋಗ್ಯ ಹದಗೆಟ್ಟಾಗ ವಾಸಿಯನ್ನು ಹೊರಕಳುಹಿಸುವ ಷರತ್ತಿದೆಯೇ ಎಂಬ ಅಂಶಗಳೂ ಸ್ಪಷ್ಟವಾಗಿರಬೇಕು. ಕೊನೆಯ ಅಂಶವು ವಿಶೇಷ ಗಮನಕ್ಕೆ ಅರ್ಹ. ಓಡಾಡುವವರನ್ನು ಮಾತ್ರ ಇರಿಸಿಕೊಳ್ಳುವ ನಿಲಯದಲ್ಲಿ ವಾಸಿಯು ಹಾಸಿಗೆ ಹಿಡಿದೊಡನೆ ಕುಟುಂಬವು ಹೊಸ ಸ್ಥಳವನ್ನು ಅವಸರದಲ್ಲಿ ಹುಡುಕಬೇಕಾಗುತ್ತದೆ.

ಆದಾಯ ತೆರಿಗೆ ಕಾಯ್ದೆಯಡಿ ದತ್ತಿ ಸಂಸ್ಥೆಯಾಗಿ ನೋಂದಾಯಿತವಾದ ವೃದ್ಧಾಶ್ರಮವು 60 ವರ್ಷ ಮೀರಿದ ವಾಸಿಯಿಂದ ಊಟ, ವಸತಿ ಮತ್ತು ನಿರ್ವಹಣೆ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ಪಡೆಯುವ ಶುಲ್ಕಕ್ಕೆ 2018ರಲ್ಲಿ ಜಿಎಸ್‌ಟಿ ವಿನಾಯಿತಿ ನೀಡಲಾಯಿತು. ಆರೋಗ್ಯ ವಿಮೆಯು ಮುಖ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ ಸಂಬಂಧಿಸಿದ್ದು. ನಿಲಯದ ವಾಸದ ವೆಚ್ಚಕ್ಕೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವು 2021ರಲ್ಲಿ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿತು. ಇಷ್ಟೇ ಆದಾಯವಿರುವವರಿಗೆ ಶುಲ್ಕಸಹಿತ ನಿಲಯವು ಕೈಗೆಟುಕದು. ಅವರು ಉಚಿತ ಅಥವಾ ಅನುದಾನಿತ ನಿಲಯಗಳನ್ನೇ ಅವಲಂಬಿಸಬೇಕಾಗುತ್ತದೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ ನಿರ್ಗತಿಕ ಹಿರಿಯರ ನಿಲಯಗಳಿಗೂ, ತೀವ್ರ ಅನಾರೋಗ್ಯ ಅಥವಾ ಡಿಮೆನ್ಷಿಯಾ ಇರುವವರ ನಿರಂತರ ಆರೈಕೆ ನಿಲಯಗಳಿಗೂ ನೆರವು ದೊರೆಯುತ್ತದೆ.

ಪಿಂಚಣಿದಾರರು ಪ್ರತಿವರ್ಷ ಜೀವನ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಇದನ್ನು ಡಿಜಿಟಲ್ ರೂಪದಲ್ಲಿ ಪಡೆಯಬಹುದು. ಈ ಕೆಲಸಕ್ಕೆ ನಿಲಯವು ನೆರವಾಗದಿದ್ದಲ್ಲಿ ಪಿಂಚಣಿ ತಡೆಯಾಗಿ ಶುಲ್ಕ ಪಾವತಿಯೂ ನಿಲ್ಲಬಹುದು.

ಸಮ್ಮತಿ ಮತ್ತು ಆಸ್ತಿ

ವಿವೇಚನೆಯ ಶಕ್ತಿಯಿರುವ ವಯಸ್ಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ನಿಲಯದಲ್ಲಿ ಇರಿಸಲು ಮಕ್ಕಳಿಗೆ ಕಾನೂನಿನ ಅಧಿಕಾರವಿಲ್ಲ. ಹೊರಹೋಗಲು ಬಯಸುವವರನ್ನು ಕೂಡಿಹಾಕುವುದು ಅಕ್ರಮ ಬಂಧನದ ಅಪರಾಧವಾಗುತ್ತದೆ. ಹಿರಿಯರೇ ನಿಲಯಗಳನ್ನು ನೋಡಿ, ಎರಡರಿಂದ ನಾಲ್ಕು ವಾರ ಪ್ರಾಯೋಗಿಕವಾಗಿ ವಾಸಿಸಿ ತೀರ್ಮಾನಿಸುವ ಪದ್ಧತಿಯು ಹೊಂದಾಣಿಕೆಗೆ ನೆರವಾಗುತ್ತದೆ. ‘ಕೆಲವು ದಿನ ಆಸ್ಪತ್ರೆಯಲ್ಲಿರಬೇಕು’ ಎಂದು ಸುಳ್ಳು ಹೇಳಿ ಕರೆತಂದಾಗ ಮನೆಯವರ ಮೇಲಿನ ನಂಬಿಕೆಯೇ ಮುರಿಯುತ್ತದೆ.

ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಟ್ಟ ಬಳಿಕ ಹಿರಿಯರನ್ನು ನಿಲಯಕ್ಕೆ ಸೇರಿಸಿ ಕೈಬಿಡುವ ಪ್ರಕರಣಗಳಿಗೆ 2007ರ ಕಾಯ್ದೆಯ 23ನೇ ಪ್ರಕರಣವು ಸಂಬಂಧಿಸಿದೆ. ಮೂಲಭೂತ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿಗೊಳಪಟ್ಟು ಆಸ್ತಿ ಪಡೆದವರು ಅದನ್ನು ಪಾಲಿಸದಿದ್ದಲ್ಲಿ, ಹಿರಿಯರ ಕೋರಿಕೆಯ ಮೇರೆಗೆ ಆ ವರ್ಗಾವಣೆಯನ್ನು ನ್ಯಾಯಮಂಡಳಿಯು ಅಸಿಂಧುವೆಂದು ಘೋಷಿಸಬಹುದು. ಇಂತಹ ಷರತ್ತು ಇದ್ದುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು ಅಭಿಪ್ರಾಯಪಟ್ಟಿತು. ಆದ್ದರಿಂದ ದಾನಪತ್ರ ಮಾಡುವವರು ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಸುರಕ್ಷಿತ. ಹಿರಿಯ ನಾಗರಿಕರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವ ಪಾಲಕರಿಗೆ 24ನೇ ಪ್ರಕರಣದಡಿ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಜೀವನದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಹಿರಿಯರು ಮುಂಚಿತವಾಗಿಯೇ ಲಿಖಿತವಾಗಿ ದಾಖಲಿಸಬಹುದು. ಸುಪ್ರೀಂ ಕೋರ್ಟ್ ಇದನ್ನು 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಈ ತೀರ್ಪಿನ ಅನುಷ್ಠಾನಕ್ಕೆ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿಯಾಗಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದ ಈ ಪತ್ರದ ಪ್ರತಿಯು ನಿಲಯದ ಬಳಿ ಇದ್ದಲ್ಲಿ ತುರ್ತು ಸಮಯದ ಗೊಂದಲ ಕಡಿಮೆಯಾಗುತ್ತದೆ.

ದೂರು ಮತ್ತು ನೆರವು

ಪೋಷಣೆಯ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಯು ಮುಖ್ಯಸ್ಥರಾಗಿರುತ್ತಾರೆ; ಮೇಲ್ಮನವಿಯನ್ನು ಜಿಲ್ಲಾಧಿಕಾರಿ ಆಲಿಸುತ್ತಾರೆ. ಕೆಂಗೇರಿ ಹೋಬಳಿಯು ಬೆಂಗಳೂರು ದಕ್ಷಿಣ ತಾಲ್ಲೂಕಿಗೆ ಸೇರಿದೆ. 2007ರ ಕಾಯ್ದೆಯ ಪ್ರಕಾರ ಪೋಷಣೆಯ ಮೊತ್ತದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದಲೂ ಪೋಷಣೆಯನ್ನು ಕೋರಬಹುದು.

ನಿಲಯದ ಸೇವಾಲೋಪಕ್ಕೆ ಶುಲ್ಕ ಪಾವತಿಸಿದವರು ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಆಯೋಗಕ್ಕೆ ದೂರು ನೀಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್‌ನ ಸಂಖ್ಯೆ 14567. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜಂಟಿಯಾಗಿ 2002ರಲ್ಲಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದವು. ದೈಹಿಕ ಹಿಂಸೆಯ ಸಂದರ್ಭದಲ್ಲಿ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು.

ಪರ್ಯಾಯಗಳು

ಎಲ್ಲ ಸಂದರ್ಭಗಳಲ್ಲೂ ವಸತಿ ನಿಲಯವೇ ಪರಿಹಾರವಲ್ಲ. ಹಗಲಿನ ಆರೈಕೆ ಕೇಂದ್ರ, ಮನೆಗೆ ಬರುವ ದಾದಿ ಅಥವಾ ಸಹಾಯಕರು, ಊಟ ತಲುಪಿಸುವ ವ್ಯವಸ್ಥೆ, ಬಚ್ಚಲಿಗೆ ಹಿಡಿಕಂಬಿ ಅಳವಡಿಕೆ ಮುಂತಾದವುಗಳಿಂದ ಅನೇಕರು ಸ್ವಂತ ಮನೆಯಲ್ಲಿಯೇ ಉಳಿಯಬಹುದು. ಶಸ್ತ್ರಚಿಕಿತ್ಸೆಯ ನಂತರ ಅಥವಾ ಆರೈಕೆ ಮಾಡುವವರಿಗೆ ವಿಶ್ರಾಂತಿ ಬೇಕಾದಾಗ ಕೆಲವು ನಿಲಯಗಳು ಅಲ್ಪಾವಧಿಯ ವಾಸಕ್ಕೆ ಅವಕಾಶ ನೀಡುತ್ತವೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ನಗರದ ಪೂರ್ವ ಭಾಗದಲ್ಲಿರುವ ಕರುಣಾಶ್ರಯವು ಉಚಿತ ಉಪಶಾಮಕ ಆರೈಕೆ ಒದಗಿಸುತ್ತದೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಲನಚಿತ್ರವು ಆಲ್ಝೈಮರ್ ಕಾಯಿಲೆಯಿರುವ ವೆಂಕೋಬ್ ರಾವ್ ಎಂಬ ವೃದ್ಧನ ಕತೆಯನ್ನು ಹೊಂದಿದೆ. ಬೆಂಗಳೂರಿನ ಆರೈಕೆ ಕೇಂದ್ರದಲ್ಲಿರುವ ಆತನನ್ನು ಮಗ ಹೊರಗೆ ಕರೆದೊಯ್ದಾಗ ಆತ ಕಾಣೆಯಾಗುವುದು ಕಥಾವಸ್ತು. ವೆಂಕೋಬ್ ರಾವ್ ಪಾತ್ರದಲ್ಲಿ ಅನಂತ್ ನಾಗ್, ಮಗನ ಪಾತ್ರದಲ್ಲಿ ರಕ್ಷಿತ್ ಶೆಟ್ಟಿ ಅಭಿನಯಿಸಿದ್ದಾರೆ.